‘ಟರ್ಬೊ ಹೋಗ್ಯದ’ ಅನ್ನುವ ಮುಂಚೆ

ಸಾಂಗಲಿ ಜಿಲ್ಲೆಯ ಜತ್ತ ಪೇಟೆಯ ಗ್ಯಾರೇಜುಗಳಲ್ಲಿ ಬೋರ್ಡು ಮರಾಠಿ, ಬೈಗುಳ ಕನ್ನಡ. ರೋಗದ ಹೆಸರು ಮಾತ್ರ ಎರಡೂ ಭಾಷೆಗೆ ಒಂದೇ: ಟರ್ಬೊ. ಗಾಡಿ ಎಳೆಯದಿದ್ದರೆ ಟರ್ಬೊ, ಹೊಗೆ ಬಿಟ್ಟರೆ ಟರ್ಬೊ, ಎಲ್ಲಾದರೂ ಎಣ್ಣೆ ಕಂಡರಂತೂ ಟರ್ಬೊನೇ. ಮೊದಲು ಈ ಮಾತು ಲಾರಿಗಳಿಗೂ ದ್ರಾಕ್ಷಿ ಸಾಗಿಸುವ ಪಿಕಪ್ ಗಾಡಿಗಳಿಗೂ ಮೀಸಲಿತ್ತು. ಈಗ ನಮ್ಮ ಹುಡುಗರ ಕೈಗೂ ಚುರುಕಿನ ಪೆಟ್ರೋಲ್ ಕಾರುಗಳು ಬಂದಿವೆ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ 1.2 ಲೀಟರ್ ಎಂಜಿನ್ನಿನಿಂದ 105 ಅಶ್ವಶಕ್ತಿ ತೆಗೆದಾಗ ಅದೇ ದೊಡ್ಡ ಮಾತಾಗಿತ್ತು. 2021ರಲ್ಲಿ ಬಂದ ಐ20 ಎನ್ ಲೈನ್ ಒಂದೇ ಲೀಟರಿನಲ್ಲಿ 120 ತೆಗೆಯಿತು. ಥಾರ್‌ನ ಪೆಟ್ರೋಲ್ ಎಂಜಿನ್ನೂ ಟರ್ಬೊನೇ. ಸ್ಪೋರ್ಟ್ಸ್ ಕಾರು ಅಂದರೆ ಪೋರ್ಷೆಯೇ ಆಗಬೇಕೆಂದಿಲ್ಲ. ಎಂಜಿನ್ನಿನ ಕಾಯಿಲೆಗಳು ಎಲ್ಲಕ್ಕೂ ಹೆಚ್ಚುಕಡಿಮೆ ಅವೇ.

ಹೋದ ಬೇಸಿಗೆಯಲ್ಲಿ ತಂಗಿಯ ಮಗ ಪುಣೆಯಿಂದ ಸೆಕೆಂಡ್ ಹ್ಯಾಂಡ್ ಕೆಂಪು ಕಾರೊಂದನ್ನು ತಂದ. ವಿಜಯಪುರದಿಂದ ಜತ್ತಕ್ಕೆ ಬರುವಾಗ ಮುಂದಿನ ಲಾರಿಯನ್ನು ದಾಟಲೆಂದು ಕಾಲೊತ್ತಿದ್ದಾನೆ. ಗಾಡಿ ಜಪ್ಪಯ್ಯ ಅಂದರೂ ಮುಂದೆ ಹೋಗಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ದೊಡ್ಡ ಊರಿನ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿ ನೋಡಿ, ‘ಟರ್ಬೊ ಬದಲಿಸಬೇಕು, ಮುಕ್ಕಾಲು ಲಕ್ಷ’ ಅಂದರಂತೆ. ಮನೆಗೆ ಬಂದವನೇ, “ಮಾಮಾ, ಟರ್ಬೊ ಹೋಗ್ಯದಂತ್ರಿ” ಅಂತ ಮುಖ ಸಣ್ಣ ಮಾಡಿಕೊಂಡು ನಿಂತ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಏನಾಗ್ತದ?”

“ಆಗ ಛಲೋ ಓಡ್ತದ್ರಿ. ಮತ್ತ ಜೋರ ಒತ್ತಿದ್ರ ದೀಪ ಹತ್ತತದ.”

ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ರೆಕ್ಕೆ ಮುರಿದ ಟರ್ಬೊ ಕೀಲಿ ತಿರುಗಿಸಿದ ಮಾತ್ರಕ್ಕೆ ಗುಣವಾಗುವುದಿಲ್ಲ. ಕಂಪ್ಯೂಟರು ಏನೋ ಲೆಕ್ಕ ತಪ್ಪಿದ್ದನ್ನು ಕಂಡು, ಎಂಜಿನ್ನಿಗೆ ಪೆಟ್ಟಾಗದಿರಲೆಂದು ತಾನೇ ಶಕ್ತಿ ಇಳಿಸಿದೆ. ಮೆಕ್ಯಾನಿಕ್‌ಗಳು ಇದನ್ನು ‘ಲಿಂಪ್ ಮೋಡ್’ ಅನ್ನುತ್ತಾರೆ, ಕುಂಟು ನಡಿಗೆ. ಇದು ಹೊಸ ಉಪಾಯವಲ್ಲ. 1962ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಟರ್ಬೊ ಹೊತ್ತು ಬಂದ ಮೊಟ್ಟಮೊದಲ ಕಾರುಗಳಲ್ಲೊಂದು. ಒತ್ತಡದಲ್ಲಿ ಇಂಧನ ಹೊತ್ತಿಗೆ ಮುಂಚೆ ಸಿಡಿದು ಅದರ ಎಂಜಿನ್ ನಾಕ್ ಹೊಡೆಯದಿರಲೆಂದು ನೀರು-ಮೆಥನಾಲ್ ಬೆರೆಸಿದ ದ್ರವವನ್ನು ಬೇರೊಂದು ತೊಟ್ಟಿಗೆ ತುಂಬಬೇಕಿತ್ತು. ತೊಟ್ಟಿ ಖಾಲಿಯಾದರೆ ಟರ್ಬೊದ ಒತ್ತಡ ತಾನಾಗಿ ತಗ್ಗುವ ಏರ್ಪಾಡು. ತುಂಬಲು ಮರೆತವರ ಕಾರು ಸಪ್ಪಗಾಗುತ್ತಿತ್ತು. ಟರ್ಬೊ ನೆಟ್ಟಗೇ ಇರುತ್ತಿತ್ತು, ಬರಿದಾದದ್ದು ತೊಟ್ಟಿ.

ಟರ್ಬೊ ಅಂದರೆ ಏನು ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಬೇರಿಂಗಿಗೆ ಆಸರೆ ಎಣ್ಣೆಯ ಒಂದು ತೆಳ್ಳನೆಯ ಪದರ ಮಾತ್ರ. ಈ ಪದರದ ಮಾತಿಗೆ ಮತ್ತೆ ಬರಬೇಕಾಗುತ್ತದೆ.

“ಸ್ಕ್ಯಾನರ್ ಹೇಳ್ತು ಅಂದ್ರ ಮುಗೀತು”

ಮುಗಿಯಲಿಲ್ಲ, ಅಲ್ಲಿಂದ ಶುರು. ಹುಡುಗನ ಕಾರಿನಲ್ಲಿ ಬಂದಿದ್ದ ಕೋಡು ಪಿ0299. ಇದರ ಅರ್ಥ ‘ಟರ್ಬೊ ಕೆಟ್ಟಿದೆ’ ಅಂತಲ್ಲ. ಕಂಪ್ಯೂಟರು ಕೇಳಿದಷ್ಟು ಗಾಳಿಯ ಒತ್ತಡ ಬರಲಿಲ್ಲ, ಅಷ್ಟೇ. ಕಡಿಮೆ ಬೀಳಲು ಹತ್ತು ಕಾರಣ: ಪೈಪು ಸೀಳಿರಬಹುದು, ಕ್ಲ್ಯಾಂಪು ಸಡಿಲಾಗಿರಬಹುದು, ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೆರೆದುಕೊಂಡೇ ಕೂತಿರಬಹುದು, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು, ಒತ್ತಡ ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಟರ್ಬೊ ಆ ಸಾಲಿನಲ್ಲಿ ಎಲ್ಲೋ ಕೊನೆಗೆ ನಿಂತಿದೆ. ಜ್ವರ 102 ಇದೆ ಎಂದು ಥರ್ಮಾಮೀಟರು ಹೇಳುತ್ತದೆ. ಮಲೇರಿಯಾನೋ ಟೈಫಾಯಿಡೋ ಎಂದು ಅದು ಹೇಳಿದ್ದುಂಟೇ?

ಸೆನ್ಸರಿನ ಸುಳ್ಳನ್ನು ಹಿಡಿಯಲು ಖರ್ಚಿಲ್ಲದ ದಾರಿಯಿದೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿ, ಸ್ಕ್ಯಾನರಿನಲ್ಲಿ ಇನ್‌ಟೇಕ್ ಒತ್ತಡದ ಅಂಕಿ ನೋಡಿ. ಆಗ ಒಳಗೆ ಇರುವುದು ಹೊರಗಿನ ಗಾಳಿಯೇ. ಸಮುದ್ರದ ಮಟ್ಟದಲ್ಲಿ ಅದು 101 ಕಿಲೊಪ್ಯಾಸ್ಕಲ್ ಆಸುಪಾಸು, ನಮ್ಮ ಬಯಲಿನ ಎತ್ತರಕ್ಕೆ ಅದಕ್ಕಿಂತ ತುಸು ಕಡಿಮೆ. ಅದು 70 ಎಂದೋ 130 ಎಂದೋ ತೋರಿಸಿದರೆ ಮೊದಲು ಸೆನ್ಸರನ್ನೂ ಅದರ ವೈರನ್ನೂ ವಿಚಾರಿಸಿ. ಹುಡುಗನ ಕಾರಿನ ಸೆನ್ಸರು ಸತ್ಯವನ್ನೇ ಹೇಳುತ್ತಿತ್ತು.

ಹಾಗಾದರೆ ಗಾಳಿ ಎಲ್ಲಿ ಹೋಗುತ್ತಿದೆ? ಬೇವಿನ ಮರದ ನೆರಳಿಗೆ ಗಾಡಿ ತಂದು, ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದೆವು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕೆಳಗಡೆ, ಕ್ಲ್ಯಾಂಪಿನ ಪಕ್ಕ, ಅಂಗೈಯಗಲ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಎಲ್ಲ ಕಡೆ ಒಣ ಧೂಳು, ಅಲ್ಲಿ ಮಾತ್ರ ಜಿಡ್ಡು. ಜತ್ತದ ಧೂಳಿನಿಂದ ಆಗುವ ಒಂದೇ ಉಪಕಾರ ಇದು: ಲೀಕಾದ ಜಾಗವನ್ನು ಅದೇ ಬೆರಳು ಮಾಡಿ ತೋರಿಸುತ್ತದೆ.

ಆದರೂ ಖಾತ್ರಿಯಾಗಬೇಕಲ್ಲ. ದಾಳಿಂಬೆ ತೋಟಗಳಿಗೆ ಡ್ರಿಪ್ ಸಾಮಾನು ಮಾರುವ ಅಂಗಡಿಯಿಂದ ಪಿವಿಸಿ ಎಂಡ್ ಕ್ಯಾಪ್ ಒಂದನ್ನು ತಂದೆವು. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ ಕೂಡಿಸಿದೆವು. ಏರ್ ಫಿಲ್ಟರ್ ಕಡೆಯ ಪೈಪಿನ ಬಾಯಿಗೆ ಆ ಕ್ಯಾಪ್ ಬಿಗಿದು, ಪಂಕ್ಚರ್ ಅಂಗಡಿಯ ಹವಾ ಯಂತ್ರದಿಂದ 5-6 ಪೌಂಡಿನಷ್ಟು ಮಾತ್ರ ಗಾಳಿ ತುಂಬಿದೆವು. ಹೆಚ್ಚು ತುಂಬಬಾರದು, ಎಂಜಿನ್ನಿನ ಸೀಲುಗಳಿಗೆ ಪೆಟ್ಟು. ತಂಗಿ ಪಾತ್ರೆ ತೊಳೆಯುವ ಸಾಬೂನಿನ ನೀರು ತಂದುಕೊಟ್ಟಳು. ಕ್ಲ್ಯಾಂಪಿನ ಅಡಿಗೆ ಸುರಿದದ್ದೇ ತಡ, ಬುಸ್ ಎಂದು ನೊರೆ ಎದ್ದಿತು. ಪೈಪು ತೆಗೆದು ಬಗ್ಗಿಸಿ ನೋಡಿದರೆ ಕಿರುಬೆರಳ ಉಗುರಿನಷ್ಟು ಸೀಳು. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಗಾಡಿ ನಿಧಾನಕ್ಕೆ ಹೋದಾಗ ನೆಟ್ಟಗಿದ್ದದ್ದು ಅದಕ್ಕೇ.

ಸಣ್ಣ ಸೀಳು ಎಂದು ಬಿಟ್ಟರೆ ಏನಾಗುತ್ತದೆ ಅನ್ನುವುದೂ ಮುಖ್ಯ. ಸೋರಿದ ಗಾಳಿಯನ್ನು ತುಂಬಿಕೊಡಲು ಕಂಪ್ಯೂಟರು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಮಿತಿ ಮೀರಿ ತಿರುಗಿದ ಟರ್ಬೊ ನಿಜಕ್ಕೂ ಸಾಯುತ್ತದೆ. ಆಗ ಹೊಸ ಟರ್ಬೊ ಹಾಕಿಸಿ ಹಳೆಯ ಪೈಪನ್ನೇ ಉಳಿಸಿಕೊಂಡರೆ ಅದೂ ಅದೇ ದಾರಿ ಹಿಡಿಯುತ್ತದೆ.

“ಪೈಪಿನ್ಯಾಗ ಎಣ್ಣಿ ಅದ, ದಂಡ ಅಲ್ಲಾಡ್ತದ, ಇನ್ನೇನು ಬೇಕು?”

ಟರ್ಬೊಕ್ಕೆ ಮರಣದಂಡನೆ ಕೊಡುವಾಗ ಹೇಳುವ ಎರಡು ಸಾಕ್ಷಿಗಳಿವು. ಎರಡೂ ನಿಲ್ಲುವುದಿಲ್ಲ. ಎಂಜಿನ್ನಿನ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೇ ಬಿಡುವ ವ್ಯವಸ್ಥೆ ಎಲ್ಲ ಹೊಸ ಕಾರುಗಳಲ್ಲೂ ಇದೆ; ಅದರ ಜೊತೆ ಎಣ್ಣೆಯ ತೆಳು ಜಿಡ್ಡು ಬಂದೇ ಬರುತ್ತದೆ. ಪೈಪು ಬಗ್ಗಿಸಿದಾಗ ಎಣ್ಣೆ ಧಾರೆಯಾಗಿ ಸುರಿದರೆ ಆ ಮಾತು ಬೇರೆ. ಇನ್ನು ದಂಡ: ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗಿನಲ್ಲಿ ಎಂಜಿನ್ ಬಂದ್ ಇರುವಾಗ ಪಕ್ಕಕ್ಕೆ ತುಸು ಆಟ ಇದ್ದೇ ಇರುತ್ತದೆ. ಹಿಂದೆ-ಮುಂದೆ ಎಳೆದಾಗ ಆಟ ಕೈಗೆ ಸಿಗಬಾರದು, ಚಕ್ರದ ರೆಕ್ಕೆ ಗೋಡೆಗೆ ತಾಗಬಾರದು. ತಾಗಿದ ಗೀರು ಕಂಡರೆ, ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಮಾತ್ರ ‘ಹೋಗ್ಯದ’ ಅನ್ನಿ.

ನೀಲಿ ಹೊಗೆಗೂ ಇದೇ ನ್ಯಾಯ. ನೀಲಿ ಅಂದರೆ ಎಣ್ಣೆ ಸುಡುತ್ತಿದೆ, ಅದು ನಿಜ. ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಪೈಪು ಕಟ್ಟಿಕೊಂಡಿದ್ದರೆ ಒಳ್ಳೆಯ ಟರ್ಬೊವೂ ಎಣ್ಣೆ ಉಗುಳುತ್ತದೆ. ಪಿಸ್ಟನ್ ರಿಂಗ್ ಸವೆದು ಎಂಜಿನ್ನಿನ ಒಳಗೆ ಒತ್ತಡ ಏರಿದ್ದರೂ ಅಷ್ಟೇ. ಕಪ್ಪು ಹೊಗೆಯನ್ನು ‘ಗಾಡಿಗೆ ದಮ್ ಅದ’ ಎಂದು ಮೆಚ್ಚುವವರಿಗೆ ಏನು ಹೇಳಲಿ. ಅದು ಸುಡದೆ ಹೋದ ದುಡ್ಡು.

“ಫಿಲ್ಟರಿಗೆ ಹವಾ ಹೊಡದ್ರ ಹೊಸಾದೇ”

ನಮ್ಮ ತಾಲ್ಲೂಕಿಗೆ ಇದಕ್ಕಿಂತ ದುಬಾರಿ ನಂಬಿಕೆ ಇಲ್ಲ. ಮಳೆ ಕಡಿಮೆ, ಹಳ್ಳಿಯ ರಸ್ತೆಗಳಲ್ಲಿ ಮೊಣಕಾಲೆತ್ತರ ಧೂಳೇಳುತ್ತದೆ. ಕಂಪ್ರೆಸರಿನ ಗಾಳಿ ಜೋರಾಗಿ ಹೊಡೆದರೆ ಕಾಗದದ ಫಿಲ್ಟರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಆ ತೂತಿನಿಂದ ಹೋದ ಮರಳು, ಲಕ್ಷಗಟ್ಟಲೆ ಸುತ್ತು ತಿರುಗುವ ಅಲ್ಯೂಮಿನಿಯಂ ರೆಕ್ಕೆಯನ್ನು ಸಾಣೆ ಹಿಡಿದ ಹಾಗೆ ಸವೆಸುತ್ತದೆ. ‘ಪಿಕಪ್ ಹೆಚ್ಚಲಿ’ ಎಂದು ಫಿಲ್ಟರನ್ನೇ ತೆಗೆದು ಓಡಿಸುವ ಹುಡುಗರನ್ನೂ ಕಂಡಿದ್ದೇನೆ. ಕಂಪನಿ ಪುಸ್ತಕದಲ್ಲಿ ಬರೆದ ಕಿಲೊಮೀಟರಿನ ಅರ್ಧಕ್ಕೇ ಫಿಲ್ಟರ್ ಬದಲಿಸುವುದು ನಮ್ಮ ಕಡೆ ಸರಿಯಾದ ಲೆಕ್ಕ.

ಪೆಟ್ರೋಲಿನ ಬಗ್ಗೆ ಇರುವ ಮಾತುಗಳು ಅರ್ಧ ಸತ್ಯ. ಆಕ್ಟೇನ್ ಹೆಚ್ಚಿದ್ದರೆ ಶಕ್ತಿ ಹೆಚ್ಚು ಎಂದು ನಂಬಿ ದುಬಾರಿ ಪೆಟ್ರೋಲ್ ಹಾಕಿಸುತ್ತಾರೆ. ಆಕ್ಟೇನ್ ಅಂದರೆ ಒತ್ತಡದಲ್ಲಿ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣ, ಇಂಧನದ ಕಸುವಲ್ಲ. ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಾದ್ದರಿಂದ ಈ ಗುಣಕ್ಕೆ ಬೆಲೆಯಿದೆ: ನಾಕ್ ಕೇಳಿಸಿದರೆ ಕಂಪ್ಯೂಟರು ಕಿಡಿಯನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಹೆಚ್ಚು ಆಕ್ಟೇನ್ ಬೇಕೆಂದೇ ತಯಾರಾದ ಎಂಜಿನ್ನಿಗೆ ಅದರಿಂದ ಲಾಭ, ಉಳಿದವಕ್ಕೆ ಇಲ್ಲ. ಹಾಗೆಯೇ ಈಗ ಎಲ್ಲ ತಪ್ಪೂ ಎಥನಾಲಿನ ತಲೆಗೆ. ಸಾಂಗಲಿ ಜಿಲ್ಲೆ ಕಬ್ಬಿನ ನಾಡು, ನಮ್ಮವರದೇ ಕಬ್ಬು ಎಥನಾಲ್ ಆಗಿ ಟ್ಯಾಂಕಿಗೆ ಬರುತ್ತಿದೆ ಅನ್ನಿ! ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಆದ್ದರಿಂದ 20 ಪ್ರತಿಶತ ಬೆರೆಸಿದಾಗ ಮೈಲೇಜು ಸ್ವಲ್ಪ ತಗ್ಗುತ್ತದೆ. ಹಳೆಯ ಗಾಡಿಯ ರಬ್ಬರ್ ಸಾಮಾನುಗಳಿಗೂ ತೊಂದರೆ ಇರಬಹುದು. ಆದರೆ ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಜೋರಾಗಿ ಒತ್ತಿದಾಗ ಮಾತ್ರ ಗಾಡಿ ಝಟಕಾ ಹೊಡೆದರೆ ಬಂಕಿನವರನ್ನು ಬೈಯುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಸವೆದ ಪ್ಲಗ್ಗು, ಸೋತ ಕಾಯಿಲ್ ಮೊದಲು ಕೈಕೊಡುವುದೇ ಅಲ್ಲಿ.

ಬಿಸಿಲಿನದೂ ಒಂದು ಪಾಲಿದೆ. 20 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ನೂರಕ್ಕೆ ಏಳರಷ್ಟು ತೆಳು. ಮೇ ತಿಂಗಳ ಮಧ್ಯಾಹ್ನ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೋಗುವಾಗ ಸಪ್ಪಗಿದ್ದ ಗಾಡಿ, ರಾತ್ರಿ ಮರಳುವಾಗ ಚಿಗುರಿದರೆ ಅದು ದೇವಿಯ ಕೃಪೆಯೂ ಇರಬಹುದು, ತಂಪು ಗಾಳಿಯಂತೂ ಹೌದು. ಅದಕ್ಕೆ ಗ್ಯಾರೇಜು ಬೇಡ. ಇಂಟರ್‌ಕೂಲರಿನ ಮುಖಕ್ಕೆ ಮೆತ್ತಿದ ಮಣ್ಣು, ಹುಳ ತೊಳೆದರೆ ಸಾಕು.

“ಬಂದ್ ಮಾಡೂಮುಂದ ಐದು ನಿಮಿಷ ಚಾಲೂ ಬಿಡಬೇಕು” ಅನ್ನುವುದು ಹಿರಿಯ ಡ್ರೈವರುಗಳ ಮಾತು. ಅದನ್ನು ಸುಳ್ಳು ಎನ್ನಲಾರೆ. ಕೆಂಪಗೆ ಕಾದ ಟರ್ಬೊದಲ್ಲಿ ಎಣ್ಣೆಯ ಹರಿವು ಒಮ್ಮೆಲೇ ನಿಂತರೆ ಉಳಿದ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಮುಂದೆ ಎಣ್ಣೆಯ ದಾರಿ ಕಟ್ಟುತ್ತದೆ. ಆದರೆ ಈಗಿನ ಪೆಟ್ರೋಲ್ ಕಾರುಗಳ ಟರ್ಬೊವನ್ನು ಕೂಲಂಟ್ ಕೂಡ ತಣಿಸುತ್ತದೆ. ಕೆಲವುಗಳಲ್ಲಿ ಎಂಜಿನ್ ಬಂದ್ ಆದ ಮೇಲೂ ಸಣ್ಣ ಪಂಪು ಓಡುತ್ತಿರುತ್ತದೆ. ಊರೊಳಗೆ ನಿಧಾನ ಬಂದವರು ಕಾಯಬೇಕಿಲ್ಲ. ಹೈವೇಯಲ್ಲಿ ಬಿಟ್ಟು ಓಡಿಸಿ ನೇರ ಧಾಬಾದ ಮುಂದೆ ನಿಲ್ಲಿಸುವವರು ಒಂದು ನಿಮಿಷ ಬಿಟ್ಟರೆ ಸಾಕು. ಇದಕ್ಕಿಂತ ಹೆಚ್ಚಿನ ಉಪಕಾರ ಎಂಜಿನ್ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ, ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸುವುದು.

ಚಿಪ್ ಹಾಕಿಸಿ ಸೋತ ಎಂಜಿನ್ನನ್ನು ಎಬ್ಬಿಸುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಸೀಳಿದ ಪೈಪಿಗೆ ಕಂಪ್ಯೂಟರಿನ ಲೆಕ್ಕ ತಿದ್ದುವ ರೀಮ್ಯಾಪ್ ಔಷಧಿಯಲ್ಲ.

ಹುಡುಗನ ಕಾರಿಗೆ ಹೊಸ ಪೈಪು, ಎರಡು ಹೊಸ ಕ್ಲ್ಯಾಂಪು ಹಾಕಿದೆವು, ಕೋಡು ಅಳಿಸಿ ಉಮದಿಯವರೆಗೆ ಹೋಗಿಬಂದೆವು. ದೀಪ ಮತ್ತೆ ಹತ್ತಲಿಲ್ಲ, ಟರ್ಬೊ ಅದೇ ಹಳೆಯದು. ನಿಮಗೂ ಯಾರಾದರೂ ‘ಟರ್ಬೊ ಹೋಗ್ಯದ’ ಅಂದರೆ ಮೂರು ಪ್ರಶ್ನೆ ಕೇಳಿ: ಪೈಪಿಗೆ ಗಾಳಿ ತುಂಬಿ ಲೀಕ್ ಇಲ್ಲವೆಂದು ನೋಡಿದಿರಾ? ವೇಸ್ಟ್‌ಗೇಟ್ ಸರಿಯಾಗಿ ಮುಚ್ಚುತ್ತದೆಯೇ? ಚಕ್ರದ ರೆಕ್ಕೆ ಮುಕ್ಕಾದದ್ದನ್ನು ಕಣ್ಣಾರೆ ಕಂಡಿರಾ? ಮೂರಕ್ಕೂ ಹೌದು ಅಂದರೆ ಬದಲಿಸಿ, ಆದರೆ ಬಿಚ್ಚಿದ ಹಳೆಯ ಟರ್ಬೊವನ್ನು ಬಿಲ್ಲಿನ ಜೊತೆ ಕೇಳಿ ಇಸಕೊಳ್ಳಿ.