ವಿಡಿಯೋ ಪ್ರಾಜೆಕ್ಟ್: ಫೋನ್ ಒಬ್ಬರದು, ಅಂಕ ಎಲ್ಲರಿಗೂ!

ಪ್ರೌಢಶಾಲೆಯ ಪ್ರಾಜೆಕ್ಟ್ ಎಂದೊಡನೆ ಥರ್ಮಾಕೋಲ್ ಮಾದರಿ, ಬಣ್ಣದ ಚಾರ್ಟ್ ಹಾಳೆ, ಅಂಗಡಿಯಿಂದ ತಂದ ಚಿತ್ರಪಟಗಳನ್ನು ಅಂಟಿಸಿದ ಕಡತಗಳು ನೆನಪಾಗುವ ಕಾಲವೊಂದಿತ್ತು. ಈಗ ಅವುಗಳ ಜಾಗಕ್ಕೆ ಮೂರು ನಿಮಿಷದ ವಿಡಿಯೋ ಬರತೊಡಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿರುವುದರಿಂದ ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಆದರೆ ನಡೆಯುವುದೇನು? ಐದಾರು ಮಕ್ಕಳ ತಂಡ. ಅವರಲ್ಲಿ ಒಬ್ಬನ ಮನೆಯಲ್ಲಿ ಒಳ್ಳೆಯ ಫೋನ್ ಇರುತ್ತದೆ. ಚಿತ್ರೀಕರಣವೂ ಅವನದೇ, ಸಂಕಲನವೂ ಅವನದೇ; ಕೆಲವೊಮ್ಮೆ ಅದು ಎಂಜಿನಿಯರಿಂಗ್ ಓದುವ ಅಣ್ಣನದು. ಉಳಿದವರು ಸಾಲಾಗಿ ನಿಂತು ತಲಾ ಒಂದು ವಾಕ್ಯ ಒಪ್ಪಿಸುತ್ತಾರೆ. ಮನೆಗಿರುವ ಒಂದೇ ಫೋನು ಬೆಳಿಗ್ಗೆ ಅಪ್ಪನೊಂದಿಗೆ ಕೆಲಸಕ್ಕೆ ಹೋಗುವಂಥ ಮನೆಯ ಹುಡುಗಿ ಇಡೀ ಬರವಣಿಗೆ ಮಾಡಿದ್ದರೂ ಅದು ಪರದೆಯ ಮೇಲೆ ಕಾಣುವುದಿಲ್ಲ. ಸೊಗಸಾದ ವಿಡಿಯೋ ನೋಡಿ ಶಿಕ್ಷಕರು ಎಲ್ಲರಿಗೂ ಸಮಾನ ಅಂಕ ನೀಡುತ್ತಾರೆ. ಯಾರು ಏನು ಕಲಿತರು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ.

ಶಾಲೆಗೂ ಪರದೆಗೂ ನಂಟು ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂದಿತ್ತು. ಅಂದು ಮಕ್ಕಳ ಪಾಲಿಗಿದ್ದುದು ನೋಡುವ ಕೆಲಸ ಮಾತ್ರ. ಇಂದು ಅವರೇ ತಯಾರಿಸಬಲ್ಲರು. ತಯಾರಿಸುವ ಕ್ರಮ ಸರಿಯಾಗಿದ್ದರೆ ಆರು ಮಕ್ಕಳಿಗೂ ಅದರಲ್ಲಿ ಕೆಲಸವಿದೆ.

ಕಾಗದ ಮೊದಲು, ಕ್ಯಾಮೆರಾ ನಂತರ

ಉದಾಹರಣೆಗೆ, ಒಂಬತ್ತನೇ ತರಗತಿಯ ತಂಡವೊಂದು 'ನಮ್ಮ ಬೀದಿಗೆ ವಿದ್ಯುತ್ ಬಂದ ದಿನ' ಎಂಬ ವಿಷಯ ಆರಿಸಿಕೊಂಡಿತೆನ್ನೋಣ. ಸಮಾಜ ವಿಜ್ಞಾನಕ್ಕೂ ವಿಜ್ಞಾನಕ್ಕೂ ಸಲ್ಲುವ ವಿಷಯವಿದು. ರಾಜ್ಯದ ಯಾವ ಊರಿನಲ್ಲಿ ಬೇಕಾದರೂ ಮಾಡಬಹುದು. ಮೊದಲ ವಾರ ಫೋನ್ ಮುಟ್ಟುವ ಅಗತ್ಯವೇ ಇಲ್ಲ. ಕಾಗದದ ನಡುವೆ ಗೆರೆ ಎಳೆದು, ಎಡಭಾಗದಲ್ಲಿ ಕಣ್ಣಿಗೆ ಕಾಣುವುದನ್ನೂ ಬಲಭಾಗದಲ್ಲಿ ಕಿವಿಗೆ ಕೇಳುವುದನ್ನೂ ಬರೆಯಬೇಕು. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ, ಮೂರು ನಿಮಿಷಕ್ಕೆಂದು ಬರೆದದ್ದು ಏಳು ನಿಮಿಷ ಹಿಡಿಯುತ್ತದೆಂಬುದು ಆಗಲೇ ತಿಳಿದುಬಿಡುತ್ತದೆ.

ಮಾಹಿತಿ ಪರಿಶೀಲನೆಯೂ ಈ ಹಂತದಲ್ಲೇ ಆಗಬೇಕು. ಶಿವನಸಮುದ್ರದಿಂದ 1902ರಲ್ಲಿ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದಿತು. ಇದು ದೃಢವಾದ ಇತಿಹಾಸ. ಆದರೆ ಅಂತರ್ಜಾಲದಲ್ಲಿ ಹುಡುಕಿದ ವಿದ್ಯಾರ್ಥಿಗೆ ಶಿವನಸಮುದ್ರವು 'ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ' ಎಂಬ ಸಾಲು ಹತ್ತಾರು ಕಡೆ ಸಿಗುತ್ತದೆ. ಡಾರ್ಜಿಲಿಂಗ್ ಸಮೀಪದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ಇಂಥ ಒಂದು ತಪ್ಪನ್ನು ತಾನೇ ಹುಡುಕಿ ತೆಗೆದ ವಿದ್ಯಾರ್ಥಿ, ಚೆಂದದ ಅಕ್ಷರ ವಿನ್ಯಾಸ ಮಾಡಿದವನಿಗಿಂತ ಹೆಚ್ಚಿನ ಅಂಕಕ್ಕೆ ಅರ್ಹ.

ಅಜ್ಜಿಯ ಮುಂದೆ ಕುಳಿತಾಗ

ಇಂಥ ವಿಡಿಯೋದ ಜೀವಾಳ ಸಂದರ್ಶನ. ಮಕ್ಕಳು ಎಡವುವುದೂ ಇಲ್ಲಿಯೇ. "ನಿಮ್ಮ ಮನೆಗೆ ಕರೆಂಟ್ ಯಾವಾಗ ಬಂತು?" ಎಂದು ಕೇಳಿದರೆ ಅಜ್ಜಿ ಒಂದು ಇಸವಿ ಹೇಳಿ ಸುಮ್ಮನಾಗುತ್ತಾರೆ, ಆ ಇಸವಿಯೂ ತಪ್ಪಿರಬಹುದು. "ಮೊದಲ ದಿನ ದೀಪ ಹತ್ತಿದಾಗ ಮನೆಯಲ್ಲಿ ಯಾರ್‍ಯಾರಿದ್ದರು, ಏನು ಮಾಡಿದರು?" ಎಂದರೆ ಸೀಮೆಎಣ್ಣೆ ಬುಡ್ಡಿಯಿಂದ ಹಿಡಿದು ಸ್ವಿಚ್ ಮುಟ್ಟಲು ಹೆದರಿದ ಅತ್ತೆಯವರೆಗೆ ಕಥೆ ಬಿಚ್ಚಿಕೊಳ್ಳುತ್ತದೆ. ಅವರು ಮಾತನಾಡುವಾಗ ನಡುವೆ "ಹೂಂ, ಹೂಂ" ಎನ್ನಬಾರದು. ಮನೆಯಲ್ಲಿ ಅದು ಹಿರಿಯರಿಗೆ ತೋರುವ ಗೌರವವಾದರೂ ಸಂಕಲನದಲ್ಲಿ ಅದನ್ನು ತೆಗೆಯುವುದು ದುಸ್ಸಾಧ್ಯ. ತಲೆಯಾಡಿಸಿದರೆ ಸಾಕು.

ನೋಡುಗರು ಮಸುಕಾದ ಚಿತ್ರವನ್ನು ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಮೇಲೆ ಫ್ಯಾನ್, ಹೊರಗೆ ಆಟೋ, ಅಡುಗೆಮನೆಯಲ್ಲಿ ಕುಕ್ಕರ್: ಇವುಗಳ ನಡುವೆ ಆರಡಿ ದೂರದ ಫೋನಿಗೆ ಅಜ್ಜಿಯ ಮೆಲುದನಿ ದಕ್ಕದು. ಇನ್ನೊಂದು ಫೋನನ್ನು ಅವರ ಮಡಿಲ ಬಳಿ ಇಟ್ಟು ಧ್ವನಿ ಮಾತ್ರ ದಾಖಲಿಸಿಕೊಳ್ಳಬಹುದು. ಎರಡೂ ಫೋನ್ ಚಾಲೂ ಆದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ, ಸಂಕಲನದ ವೇಳೆ ಆ ಸದ್ದನ್ನೇ ಗುರುತಾಗಿಟ್ಟುಕೊಂಡು ಧ್ವನಿ–ಚಿತ್ರಗಳನ್ನು ಜೋಡಿಸಬಹುದು.

ಟ್ಯೂಬ್‌ಲೈಟ್ ಕೆಳಗೆ ಚಿತ್ರೀಕರಿಸಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುವುದನ್ನು ಹಲವರು ಫೋನಿನ ದೋಷವೆಂದು ತಿಳಿಯುತ್ತಾರೆ. ಕಾರಣ ನಮ್ಮ ವಿದ್ಯುತ್ತಿನಲ್ಲೇ ಇದೆ. ಭಾರತದಲ್ಲಿ ಪರ್ಯಾಯ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಹೀಗಾಗಿ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಫೋನಿಗೆ ಈ ಲೆಕ್ಕ ಹೊಂದುವುದಿಲ್ಲ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 25 ಚಿತ್ರ, ಶಟರ್ ವೇಗ ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಸೆಕೆಂಡ್ ಇಟ್ಟರೆ ಪಟ್ಟಿಗಳು ಬಹುಮಟ್ಟಿಗೆ ಮಾಯವಾಗುತ್ತವೆ. ವಿದ್ಯುತ್ತಿನ ಬಗ್ಗೆಯೇ ವಿಡಿಯೋ ಮಾಡುವವರು ಇದನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದಲ್ಲ! ಅಂಥ ಸೆಟ್ಟಿಂಗ್ ಇಲ್ಲದ ಫೋನಾದರೆ ಅಜ್ಜಿಯನ್ನು ಜಗಲಿಗೆ ಕರೆತರುವುದೇ ಸುಲಭ ಪರಿಹಾರ.

ಸಂಕಲನಕ್ಕೆ ಓಪನ್‌ಶಾಟ್, ಕೆಡೆನ್‌ಲೈವ್, ಶಾಟ್‌ಕಟ್‌ನಂಥ ಉಚಿತ ಮುಕ್ತ ತಂತ್ರಾಂಶಗಳಿವೆ. ಶಾಲೆಯ ಗಣಕಯಂತ್ರಕ್ಕೆ ಹಾಕಿಕೊಳ್ಳಬಹುದು.

ಅಂಕ ಹಂಚುವ ಬಗೆ

ಬಹುತೇಕ ಶಾಲೆಗಳಿಗೆ ವಿದ್ಯಾರ್ಥಿಗಳು ಮೊಬೈಲ್ ತರುವಂತಿಲ್ಲ. ಹಾಗಾಗಿ ಶಾಲೆಯದೋ ಶಿಕ್ಷಕರದೋ ಒಂದೇ ಫೋನಿನಲ್ಲಿ ಎಲ್ಲ ತಂಡಗಳೂ ಸರದಿಯಂತೆ ಚಿತ್ರೀಕರಿಸುವುದು ಹೆಚ್ಚು ನ್ಯಾಯವಾದ ದಾರಿ. ಇಪ್ಪತ್ತು ಅಂಕಗಳಲ್ಲಿ ಹನ್ನೆರಡನ್ನಾದರೂ ಟಿಪ್ಪಣಿ, ಚಿತ್ರಕಥೆ, ಪ್ರಶ್ನಾವಳಿಗೆ ಇಟ್ಟು, ಯಾವ ಪುಟ ಯಾರದೆಂದು ಹೆಸರು ಬರೆಸಿದರೆ ಫೋನಿಲ್ಲದ ಹುಡುಗಿಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಉಳಿದ ಅಂಕಗಳಿಗಾಗಿ ಪ್ರತಿ ವಿದ್ಯಾರ್ಥಿಯನ್ನೂ ಎರಡು ನಿಮಿಷ ಒಬ್ಬೊಬ್ಬರನ್ನಾಗಿ ಕರೆದು, "ಈ ಮಾತನ್ನು ಉಳಿಸಿಕೊಂಡು ಆ ಮಾತನ್ನೇಕೆ ಕತ್ತರಿಸಿದಿರಿ?" ಎಂದು ಕೇಳಬೇಕು. ಕೆಲಸ ಅಣ್ಣ ಮಾಡಿದ್ದೋ ಕೃತಕ ಬುದ್ಧಿಮತ್ತೆಯ ಆ್ಯಪ್ ಮಾಡಿದ್ದೋ ಅಲ್ಲೇ ಬಯಲಾಗುತ್ತದೆ. ಕತ್ತರಿಸದ ಮೂಲ ತುಣುಕುಗಳನ್ನೂ ಒಪ್ಪಿಸಬೇಕೆಂಬ ನಿಯಮವಿದ್ದರೆ ಇನ್ನೂ ಒಳ್ಳೆಯದು.

ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಎಲ್ಲ ತಂಡಗಳಿಗೂ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಬೋಧನೆಯ ಸಂದರ್ಭಕ್ಕೆ ಕೆಲವು ವಿನಾಯಿತಿಗಳನ್ನು ನೀಡಿದೆ. ಅದೇ ವಿಡಿಯೋವನ್ನು ಯೂಟ್ಯೂಬ್‌ಗೆ ಏರಿಸಿದಾಗ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಸಹಪಾಠಿಯ ತಂಬೂರಿಯನ್ನೋ ಶಾಲೆಯ ಡೊಳ್ಳಿನ ಸದ್ದನ್ನೋ ದಾಖಲಿಸಿಕೊಂಡರೆ ಈ ತಕರಾರೇ ಇಲ್ಲ. ಮಕ್ಕಳ ಮುಖದ ವಿಷಯ ಇದಕ್ಕಿಂತ ಸೂಕ್ಷ್ಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಶಾಲೆಯ ಪುಟಕ್ಕೆ ವಿಡಿಯೋ ಹಾಕುವ ಮುನ್ನ ಪಾಲಕರ ಸಹಿ ಪಡೆಯುವುದು ಕ್ಷೇಮ. ಅಜ್ಜಿಯನ್ನೂ ಒಂದು ಮಾತು ಕೇಳಬೇಕು. ಮೊಮ್ಮಗಳಿಗೆಂದು ಹೇಳಿದ್ದನ್ನು ಊರೆಲ್ಲ ನೋಡುವುದು ಅವರಿಗೆ ಇಷ್ಟವಾಗದಿರಬಹುದು.

ಅಂಕಪಟ್ಟಿ ತುಂಬಿದ ಮೇಲೆ ಫೋನಿನಲ್ಲಿ ಜಾಗವಿಲ್ಲವೆಂದು ಮೊದಲು ಅಳಿಸಿಹಾಕುವುದೇ ಈ ಮೂಲ ತುಣುಕುಗಳನ್ನು. ಮೂರು ನಿಮಿಷದ ವಿಡಿಯೋದಲ್ಲಿ ಅಜ್ಜಿಯ ಮಾತು ಉಳಿದದ್ದು ನಲವತ್ತು ಸೆಕೆಂಡ್. ಅವರು ಮಾತನಾಡಿದ್ದು ಅರ್ಧ ಗಂಟೆ. ಅಳಿಸುವ ಮುನ್ನ ಒಂದು ಪ್ರತಿಯನ್ನು ಶಾಲೆಯ ಗಣಕಯಂತ್ರಕ್ಕೂ ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲಿ ಅಜ್ಜಿಯ ಮನೆಗೂ ಕೊಡಬಹುದು; ಕಡತದ ಹೆಸರಿನಲ್ಲಿ ಊರು, ದಿನಾಂಕ, ಮಾತನಾಡಿದವರ ಹೆಸರು ಇರಲಿ.