ಕೋಳಿಗಳಿಗೆ ಜೀವಸತ್ತ್ವದ ಕೊರತೆಯೂ ಲೋಹದ ವಿಷವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಹಿತ್ತಲ ಕೋಳಿ ಕಾಲು ಸೆಳೆದು ಬಿದ್ದರೆ ಕೊಕ್ಕರೆ ರೋಗವೆಂದೇ ರೈತರು ಭಾವಿಸುವುದು ವಾಡಿಕೆ. ಅದಕ್ಕೆ ಲಸಿಕೆ ಹಾಕಿಸಿರಲೇಬೇಕು. ಆದರೆ ಕೆಲವು ವೇಳೆ ದೋಷವಿರುವುದು ಮೇವಿನಲ್ಲಿ, ಇಲ್ಲವೆ ಕೋಳಿ ಕೆದಕುವ ಮಣ್ಣಿನಲ್ಲಿ.

ಆಹಾರದ ಕೊರತೆಯೇ ರೋಗವಾಗಬಲ್ಲುದೆಂಬುದಕ್ಕೆ ಮೊದಲ ಸಾಕ್ಷಿಗಳಲ್ಲಿ ಕೋಳಿಯೂ ಒಂದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್ನರು, ತೌಡು ತೆಗೆದ ಅಕ್ಕಿಯನ್ನು ತಿಂದ ಕೋಳಿಗಳು ನರಬಲಗುಂದಿ ಬೀಳುವುದನ್ನೂ ತೌಡು ಕೊಡಲು ಚೇತರಿಸಿಕೊಳ್ಳುವುದನ್ನೂ ಕಂಡರು. 1929ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು.

ರಾಗಿಯಲ್ಲಿ ಸುಣ್ಣದ ಅಂಶ ಇತರ ಧಾನ್ಯಗಳಿಗಿಂತ ಹೆಚ್ಚು. ‘ಎ’ ಜೀವಸತ್ತ್ವವಾದರೋ ಬಲು ಕಡಮೆ. ಬೇಸಗೆಯಲ್ಲಿ ಹಸುರು ಒಣಗಿ, ರಾಗಿಯನ್ನೇ ನಂಬಿದ ಕೋಳಿಗೆ ಕಣ್ಣು ಊದಿ ಅಂಟಿಕೊಳ್ಳುವುದು, ಗಂಟಲಿನೊಳಗೆ ಬಿಳಿಯ ಗುಳ್ಳೆಗಳೇಳುವುವು. ನುಗ್ಗೆಸೊಪ್ಪು, ಔಷಧಿ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪು ಇದಕ್ಕೆ ಸುಲಭ ಪರಿಹಾರ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವೂ ಪುಷ್ಟಿಕರವೇ. ಆದರೆ ಅದರ ಎಣ್ಣೆ ಕಮಟು ಹಿಡಿದರೆ ಮೇವಿನ ‘ಎ’ ಮತ್ತು ‘ಇ’ ಜೀವಸತ್ತ್ವಗಳನ್ನು ಕೆಡಿಸುವುದರಿಂದ, ಹಳಸಿದ್ದನ್ನು ಕೊಡಕೂಡದು.

ಲೋಹದ ವಿಷ ಇದಕ್ಕಿಂತ ಕಪಟವಾದುದು. ಹಳೆಯ ಬ್ಯಾಟರಿ ಒಡೆದ ಜಾಗ, ಸುಲಿದು ಬಿದ್ದ ಹಳೆಯ ಬಣ್ಣ, ಇವುಗಳಲ್ಲಿರುವ ಸೀಸವನ್ನು ಕೋಳಿ ಕಲ್ಲುಹರಳೆಂದು ನುಂಗುತ್ತದೆ. ಸೀಸವು ಸುಣ್ಣದಂತೆ ನಟಿಸಿ ಮೂಳೆಯನ್ನು ಸೇರುವುದು. ಮೊಟ್ಟೆಯ ಚಿಪ್ಪಿಗಾಗಿ ಮೂಳೆಯ ಸುಣ್ಣ ಕರಗುವಾಗ ತಾನೂ ಹೊರಬಂದು ಹಳದಿಯಲ್ಲಿ ನೆಲಸುವುದು. ಮೇವಿನಲ್ಲಿ ಸುಣ್ಣ ಕಡಮೆಯಾದಷ್ಟೂ ಶರೀರವು ಸೀಸವನ್ನು ಹೆಚ್ಚಾಗಿ ಹೀರುತ್ತದೆ. ರಕ್ತದ ಕೆಂಪುಬಣ್ಣದ ತಯಾರಿಕೆಗೂ ಇದು ಅಡ್ಡಿ. ವಿಷ ಹೆಚ್ಚಿದಾಗ ಜುಟ್ಟು ಬಿಳಿಚಿಕೊಳ್ಳುವುದುಂಟು. ‘ಡಿ’ ಜೀವಸತ್ತ್ವವು ಕೆಲಸಕ್ಕೆ ಬರುವ ರೂಪವನ್ನು ತಾಳುವುದು ಮೂತ್ರಪಿಂಡದಲ್ಲಿ. ಸೀಸವಾಗಲಿ ಕ್ಯಾಡ್ಮಿಯಮ್ಮಾಗಲಿ ಆ ಅಂಗವನ್ನು ಕೆಡಿಸಿದರೆ, ಬಿಸಿಲಿನಲ್ಲೇ ಓಡಾಡುವ ಕೋಳಿಗೂ ‘ಡಿ’ ಕೊರತೆಯ ಲಕ್ಷಣಗಳು ತೋರಬಹುದು. ಇನ್ನೊಂದು ಸಂಗತಿಯನ್ನು ಮನೆಯವರು ಮರೆಯಬಾರದು: ಸೀಸ ತುಂಬಿದ ಕೋಳಿ ಅನೇಕ ವೇಳೆ ಆರೋಗ್ಯವಾಗಿಯೇ ಕಾಣುತ್ತ ಮೊಟ್ಟೆಯಿಡುವುದು, ಆ ಮೊಟ್ಟೆಯನ್ನು ತಿನ್ನುವವರು ಮಕ್ಕಳು. ಬೇಯಿಸುವುದರಿಂದ ಸೀಸ ಹೋಗದು.

ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸುವ ಸ್ಥಳಕ್ಕೆ ಕೋಳಿಗಳನ್ನು ಬಿಡಕೂಡದು. ತಾಮ್ರ ಮಿತಿಮೀರಿದರೆ ಕಾಳು ಅರೆಯುವ ಜಠರದ ಒಳಪದರ ಹುಣ್ಣಾಗುವುದು.

‘ಸಿ’ ಮತ್ತು ‘ಇ’ ಜೀವಸತ್ತ್ವಗಳು ಲೋಹದ ಹಾವಳಿಯನ್ನು ಸ್ವಲ್ಪ ತಗ್ಗಿಸಬಹುದೇ ಹೊರತು ಮೂಳೆಯಲ್ಲಿ ಕೂತ ಸೀಸವನ್ನು ತೆಗೆಯಲಾರವು. ಸಂಶಯವಿದ್ದಲ್ಲಿ ಕೋಳಿಗಳನ್ನು ಬೇರೆ ಶುದ್ಧ ನೆಲದಲ್ಲಿ ಕಟ್ಟಿ, ಪಶುವೈದ್ಯಾಲಯದ ಮೂಲಕ ರಕ್ತವನ್ನೂ ಮೊಟ್ಟೆಯನ್ನೂ ಪರೀಕ್ಷಿಸಿ ಫಲಿತಾಂಶ ಬರುವವರೆಗೆ ಆ ಮೊಟ್ಟೆಗಳನ್ನು ಉಣ್ಣುವುದನ್ನೂ ಮಾರುವುದನ್ನೂ ನಿಲ್ಲಿಸತಕ್ಕದ್ದು.