ಚಟ್ನಿಪುಡಿ ನಿಮ್ಮದು, ಲೆಕ್ಕಕ್ಕೆ ‘ಎಐ’ ಇದೆ!

ಯಜಮಾನರ ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಚಟ್ನಿಪುಡಿ, ಸಾಂಬಾರ್ ಪುಡಿ, ಕೋಡುಬಳೆ ಅಂತ ಮಾಡಿ ಮಾರುವ ಗೃಹಿಣಿಯರು ಇವತ್ತು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕೈರುಚಿಗೆ ಕೊರತೆಯಿಲ್ಲ. ಕೊರತೆ ಇರೋದು ಸಮಯಕ್ಕೆ! ಒಂದು ಕಡೆ ಬಾಣಲೆ ಒಲೆ ಮೇಲಿದ್ದರೆ, ಇನ್ನೊಂದು ಕಡೆ ಮೊಬೈಲ್ ಟಿಣ್ ಟಿಣ್ ಅನ್ನುತ್ತಲೇ ಇರುತ್ತದೆ. ‘ಆಂಟಿ, ಕಾಲು ಕೆ.ಜಿ. ಎಷ್ಟು?’, ‘ಮೇಡಂ, ಖಾರ ಕಮ್ಮಿ ಇರೋದು ಇದ್ಯಾ?’, ‘ಅಕ್ಕಾ, ಅಮೆರಿಕಕ್ಕೆ ತಗೊಂಡು ಹೋಗ್ತೀವಿ, ಎಷ್ಟು ದಿನ ಇರತ್ತೆ?’... ಉತ್ತರ ಕೊಡುವಷ್ಟರಲ್ಲಿ ಶೇಂಗಾ ಸೀದಿರುತ್ತದೆ.

ಇಂಥ ಕಡೆ ಕೈಜೋಡಿಸಲು ಒಬ್ಬ ಸಹಾಯಕಿ ಇದ್ದರೆ? ಸಂಬಳ ಕೇಳದ, ರಜೆ ಹಾಕದ ಸಹಾಯಕಿ? ಅದೇ ಕೃತಕ ಬುದ್ಧಿಮತ್ತೆ, ಎಲ್ಲರ ಬಾಯಲ್ಲಿ ‘ಎಐ’. ‘ಅಯ್ಯೋ, ಅದೆಲ್ಲ ಸಾಫ್ಟ್‌ವೇರ್‌ನೋರಿಗೆ’ ಅಂತ ಮೂಗು ಮುರಿಯಬೇಡಿ. ವಾಟ್ಸ್‌ಆ್ಯಪ್ ಬಳಸಲು ಬರುವವರಿಗೆಲ್ಲ ಇದೂ ಬರುತ್ತದೆ.

ಇದೇನು ಈ ಎಐ?

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳೊಂದಿಗೆ ನಮ್ಮಲ್ಲಿಗೆ ಬಂತು. ಎರಡನ್ನೂ ಒಂದು ಮಿತಿಯವರೆಗೆ ದುಡ್ಡು ಕೊಡದೆ ಬಳಸಬಹುದು. ಕನ್ನಡದಲ್ಲಿ ಟೈಪ್ ಮಾಡೋದು ಕಷ್ಟವೇ? ಕೀಬೋರ್ಡ್‌ನ ಮೈಕ್ ಗುರುತು ಒತ್ತಿ ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ.

ಅದು ಕೆಲಸ ಮಾಡುವ ರೀತಿ ಸ್ವಲ್ಪ ತಿಳಿದಿರಲಿ. ಕೋಟ್ಯಂತರ ಪುಟಗಳ ಬರಹವನ್ನು ಅರಗಿಸಿಕೊಂಡು, ಯಾವ ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಊಹಿಸಿ ಉತ್ತರ ಕಟ್ಟುವ ಯಂತ್ರ ಅದು. ಹಾಗಾಗಿ ಬರೆಯೋದರಲ್ಲಿ, ಪಟ್ಟಿ ಮಾಡೋದರಲ್ಲಿ ಜಾಣೆ. ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ನಯವಾಗಿ ಹೇಳಿಬಿಡುವ ಚಾಳಿಯೂ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯಂತೆ ಅಂದುಕೊಳ್ಳಿ. ಹೇಳಿದ್ದು ಮಾಡ್ತಾಳೆ, ನೀವು ಮೇಲೆ ಕಣ್ಣಿಟ್ಟಿರಬೇಕು ಅಷ್ಟೆ.

ಮೊದಲು ನಿಮ್ಮ ಕೂಲಿ ಲೆಕ್ಕ

ಮನೆಯಲ್ಲಿ ಮಾಡಿ ಮಾರುವವರು ಸೋಲುವುದು ರುಚಿಯಲ್ಲಲ್ಲ, ರೇಟಿನಲ್ಲಿ. ‘ಪಕ್ಕದ ಅಂಗಡೀಲಿ 70 ಇದೆ, ನಾವೂ 70ಕ್ಕೇ ಕೊಡೋಣ’ ಅಂತ ಶುರು ಮಾಡುತ್ತೇವೆ. ಒಂದು ಉದಾಹರಣೆ ನೋಡಿ.

ಐದು ಕೆ.ಜಿ. ಶೇಂಗಾ ಚಟ್ನಿಪುಡಿ ಮಾಡಿದಿರಿ ಅಂದುಕೊಳ್ಳಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಎಲ್ಲ ಸೇರಿ 900 ರೂಪಾಯಿ. ಗ್ಯಾಸು, ಕರೆಂಟು 60. ಕಾಲು ಕೆ.ಜಿ.ಯ 20 ಪ್ಯಾಕೆಟ್‌ಗೆ ಕವರು 160, ಲೇಬಲ್ಲು 40. ಒಟ್ಟು 1160. ಪ್ಯಾಕೆಟ್‌ಗೆ 58 ರೂಪಾಯಿ ಬಿತ್ತು. 70ಕ್ಕೆ ಮಾರಿದರೆ 12 ರೂಪಾಯಿ ಲಾಭ ಅಂತ ಖುಷಿ ಪಡುತ್ತೇವೆ.

ಆದರೆ ಹುರಿದು, ಪುಡಿ ಮಾಡಿ, ತುಂಬಿ ಸೀಲ್ ಮಾಡಲು ನಾಲ್ಕು ಗಂಟೆ ಹಿಡಿಯಿತಲ್ಲ? ಆ ದುಡಿಮೆಗೆ ಬೆಲೆ ಇಲ್ಲವೇ? ಗಂಟೆಗೆ 75 ರೂಪಾಯಿ ಇಟ್ಟರೂ 300 ಆಯಿತು. ಈಗ ಖರ್ಚು 1460, ಪ್ಯಾಕೆಟ್‌ಗೆ 73! ಅಂದರೆ 70ಕ್ಕೆ ಮಾರುವ ಪ್ರತಿ ಪ್ಯಾಕೆಟ್‌ನಲ್ಲೂ 3 ರೂಪಾಯಿಯನ್ನು ನಿಮ್ಮ ಕೂಲಿಯಿಂದಲೇ ಗಿರಾಕಿಗೆ ಕೊಟ್ಟಂತೆ. ಅದೇ 90 ರೂಪಾಯಿ ಇಟ್ಟರೆ ಕೂಲಿ ಹೋಗಿ 20 ಪ್ಯಾಕೆಟ್‌ಗೆ 340 ರೂಪಾಯಿ ಉಳಿಯುತ್ತದೆ.

ಈ ಲೆಕ್ಕವನ್ನು ಎಐಗೆ ಹೀಗೆ ಕೇಳಿ: ‘ನಾನು ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರ್ತೀನಿ. ಖರ್ಚು ಇಷ್ಟಿಷ್ಟು. ನಾಲ್ಕು ಗಂಟೆ ಕೆಲಸ, ಗಂಟೆಗೆ 75 ರೂಪಾಯಿ ಸೇರಿಸು. 80, 90, 100ಕ್ಕೆ ಮಾರಿದರೆ ಎಷ್ಟೆಷ್ಟು ಉಳಿಯುತ್ತೆ? ಲೆಕ್ಕ ಹಂತ ಹಂತವಾಗಿ ತೋರಿಸು.’ ಕ್ಷಣದಲ್ಲಿ ಪಟ್ಟಿ ಸಿದ್ಧ. ಬಂದ ಮೊತ್ತವನ್ನು ಒಮ್ಮೆ ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ನೋಡಿ. ಎಣ್ಣೆ ರೇಟು ಏರಿದಾಗ, ಶೇಂಗಾ ದುಬಾರಿಯಾದಾಗ ಒಂದು ಅಂಕಿ ಬದಲಿಸಿ ಕೇಳಿದರೆ ಆಯಿತು.

ಹಬ್ಬದ ಆರ್ಡರ್ ಬಂದಾಗ

ಗೌರಿ-ಗಣೇಶ, ದೀಪಾವಳಿ ಹತ್ತಿರ ಬಂದರೆ ಆರ್ಡರ್‌ಗಳು ಒಮ್ಮೆಲೇ ನುಗ್ಗುತ್ತವೆ. ಒಬ್ಬರಿಗೆ ಚಕ್ಕುಲಿ 2 ಕೆ.ಜಿ., ಇನ್ನೊಬ್ಬರಿಗೆ ರವೆ ಉಂಡೆ 40... ವಾಟ್ಸ್‌ಆ್ಯಪ್‌ನಲ್ಲಿ ಎಲ್ಲೋ ಒಂದು ತಪ್ಪಿಹೋಗುತ್ತದೆ. ಆರ್ಡರ್‌ಗಳನ್ನೆಲ್ಲ ಒಂದೇ ಕಡೆ ಹಾಕಿ, ‘ತಿಂಡಿವಾರು ಒಟ್ಟು ಎಷ್ಟು, ಯಾವ ದಿನ ಯಾವುದು ಮಾಡಬೇಕು, ಸಾಮಾನಿನ ಪಟ್ಟಿ ಕೊಡು’ ಅನ್ನಿ. ಆದರೆ ಅಳತೆ ನಿಮ್ಮದೇ ಕೊಡಿ. ಒಂದು ಕೆ.ಜಿ. ಅಕ್ಕಿಹಿಟ್ಟಿಗೆ ನಿಮ್ಮ ಕೈಯಲ್ಲಿ ಎಷ್ಟು ಚಕ್ಕುಲಿ ಆಗುತ್ತೆ ಅನ್ನೋದು ನಿಮಗೆ ಗೊತ್ತೇ ಹೊರತು ಯಂತ್ರಕ್ಕಲ್ಲ.

ಗಿರಾಕಿಗಳ ಹೆಸರು, ಫೋನ್ ನಂಬರ್, ಮನೆ ವಿಳಾಸ ಮಾತ್ರ ಅದರೊಳಗೆ ಹಾಕಬೇಡಿ. ‘ಗಿರಾಕಿ 1, ಗಿರಾಕಿ 2’ ಅಂದರೆ ಸಾಕು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಒಟಿಪಿ ಯಾವುದನ್ನೂ ಅದಕ್ಕೆ ಹೇಳಬಾರದು.

ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರವನ್ನೂ ಎಐಯಿಂದ ಬರೆಸಿಟ್ಟುಕೊಳ್ಳಬಹುದು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಅದನ್ನು ಸೇರಿಸಿಟ್ಟರೆ ಒಂದೇ ಒತ್ತಿಗೆ ರೇಟು, ಡೆಲಿವರಿ ದಿನ ಎಲ್ಲ ಹೋಗುತ್ತದೆ. ‘ಉದ್ರಿ ಕೊಡಲ್ಲ’ ಅನ್ನೋದನ್ನು ಪಕ್ಕದ ಮನೆಯವರಿಗೆ ಮುಖ ನೋಡಿ ಹೇಳೋದು ಕಷ್ಟ ಅಲ್ವಾ? ‘ಬೇಜಾರಾಗದ ಹಾಗೆ ಹಣ ನೆನಪಿಸುವ ಎರಡು ಸಾಲು ಬರೆದುಕೊಡು’ ಅಂದರೆ ಅದನ್ನೂ ಬರೆದುಕೊಡುತ್ತದೆ!

ಅದರ ಕನ್ನಡ, ನಿಮ್ಮ ಕನ್ನಡ

ಬಿಟ್ಟರೆ ಎಐ ‘ಆತ್ಮೀಯ ಗ್ರಾಹಕರೇ, ನಮ್ಮ ಉತ್ಕೃಷ್ಟ ಉತ್ಪನ್ನಗಳನ್ನು ಆಸ್ವಾದಿಸಿ’ ಅಂತ ಭಾಷಣ ಬಿಗಿಯುತ್ತದೆ. ಹಾಗೇ ಕಳಿಸಿದರೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಓದುವವರು ನಗುತ್ತಾರೆ. ‘ಬೆಂಗಳೂರು ಮನೆಮಾತಿನಲ್ಲಿ, ಮೂರೇ ಸಾಲಿನಲ್ಲಿ ಬರಿ’ ಅನ್ನಿ. ಆಮೇಲೂ ಒಮ್ಮೆ ನೀವೇ ತಿದ್ದಿ. ‘ಇವತ್ತು ಬಿಸಿಬಿಸಿ ಕೋಡುಬಳೆ ರೆಡಿ, ಬೇಕಾದೋರು ಸಂಜೆ ಐದರೊಳಗೆ ಹೇಳಿ’ ಅಂದರೆ ಅದರ ರುಚಿಯೇ ಬೇರೆ.

ಫೋಟೋ ಕೂಡ ನಿಮ್ಮದೇ ಇರಲಿ. ಎಐ ಬಿಡಿಸಿದ ಚಿತ್ರದ ಹೋಳಿಗೆ ಮಿರಿಮಿರಿ ಮಿಂಚುತ್ತದೆ ನಿಜ, ಆದರೆ ಡಬ್ಬಿ ತೆಗೆದಾಗ ಬೇರೆಯದೇ ಕಂಡರೆ ಗಿರಾಕಿಗೆ ಮೋಸ ಹೋದ ಭಾವ. ಬೆಳಗಿನ ಬೆಳಕಲ್ಲಿ, ಕಿಟಕಿ ಪಕ್ಕ, ಸ್ಟೀಲ್ ತಟ್ಟೆಯಲ್ಲಿಟ್ಟು ಮೊಬೈಲ್‌ನಲ್ಲೇ ತೆಗೆದ ಚಿತ್ರ ಸಾಕು.

ಇಲ್ಲಿ ಅದರ ಮಾತು ನಂಬಬೇಡಿ

‘ಪುಡಿ ಎಷ್ಟು ದಿನ ಕೆಡಲ್ಲ?’ ಅಂತ ಕೇಳಿದರೆ ‘ಆರು ತಿಂಗಳು’ ಅಂತ ಥಟ್ಟನೆ ಹೇಳಿಬಿಡಬಹುದು. ನಿಮ್ಮ ಪುಡಿಯಲ್ಲಿ ತೇವ ಎಷ್ಟಿದೆ, ಕೊಬ್ಬರಿ ಹಾಕಿದ್ದೀರೋ ಇಲ್ಲವೋ ಅದಕ್ಕೇನು ಗೊತ್ತು? ಪ್ರತಿ ಸಲ ಮಾಡಿದಾಗಲೂ ಒಂದು ಪ್ಯಾಕೆಟ್ ತಾರೀಕು ಬರೆದು ಎತ್ತಿಡಿ. ವಾರಕ್ಕೊಮ್ಮೆ ಮೂಸಿ, ರುಚಿ ನೋಡಿ. ಕೊಬ್ಬರಿ, ಶೇಂಗಾ ಜಿಡ್ಡು ವಾಸನೆ ಹೊಡೆಯುವುದಕ್ಕೆ ಸಾಕಷ್ಟು ಮೊದಲಿನ ದಿನವನ್ನೇ ಗಡುವಾಗಿ ಇಡಿ. ವ್ಯಾಪಾರ ಬೆಳೆದರೆ ಆಹಾರ ಪರೀಕ್ಷಾ ಲ್ಯಾಬ್‌ಗೆ ಕೊಡುವುದು ಒಳ್ಳೆಯದು.

‘ಸಕ್ಕರೆ ಕಾಯಿಲೆ ವಾಸಿ’, ‘ಕೊಲೆಸ್ಟ್ರಾಲ್ ಇಳಿಸುತ್ತದೆ’ ಅಂತ ಅದು ಜಾಹೀರಾತು ಬರೆದುಕೊಟ್ಟರೆ ಆ ಸಾಲು ಹೊಡೆದುಹಾಕಿ. 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಇದೆ. ‘ಎಐ ಬರೆದದ್ದು, ನನಗೆ ಗೊತ್ತಿರಲಿಲ್ಲ’ ಅಂದರೆ ಯಾರೂ ಕೇಳುವುದಿಲ್ಲ.

ಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅವರ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲಿರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಬಳಸಲು ಕೊನೆಯ ದಿನ, ಹಸಿರು ಗುರುತು, ನಿಮ್ಮ ಹೆಸರು-ವಿಳಾಸ. ಶೇಂಗಾ ಇದ್ದರೆ ‘ಶೇಂಗಾ ಇದೆ’ ಅಂತ ಎದ್ದು ಕಾಣುವಂತೆ ಬರೆಯಿರಿ. ಶೇಂಗಾ ಅಲರ್ಜಿ ಇರುವ ಮಗು ತಿಂದರೆ ಪ್ರಾಣಕ್ಕೇ ಅಪಾಯ. ಲೇಬಲ್‌ನ ಕರಡನ್ನು ಎಐ ಬರೆಯಲಿ, ಆದರೆ ನಿಯಮವನ್ನು ಎಫ್‌ಎಸ್‌ಎಸ್‌ಎಐ ವೆಬ್‌ಸೈಟ್‌ನಲ್ಲೇ ನೋಡಿ ಖಚಿತಪಡಿಸಿಕೊಳ್ಳಿ.

ಖಾತೆ ಬೇರೆ ಇರಲಿ

2025ರ ಜುಲೈ ನೆನಪಿದೆಯಲ್ಲ? ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಪಡೆದಿದ್ದ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿತ್ತು. ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದರು. ನಮ್ಮ ವ್ಯಾಪಾರ ಅಷ್ಟು ದೊಡ್ಡದಲ್ಲ, ಸರಿ. ಆದರೆ ತಮ್ಮ ಕಳಿಸಿದ ಹಣ, ಚೀಟಿ ದುಡ್ಡು, ಚಟ್ನಿಪುಡಿ ದುಡ್ಡು ಎಲ್ಲ ಒಂದೇ ಖಾತೆಯಲ್ಲಿದ್ದರೆ ಯಾವುದು ವ್ಯಾಪಾರದ್ದು ಅಂತ ನಾಳೆ ತೋರಿಸೋದು ಹೇಗೆ? ವ್ಯಾಪಾರಕ್ಕೇ ಒಂದು ಖಾತೆ ತೆರೆಯಿರಿ. ದಿನದ ಖರ್ಚು, ಮಾರಾಟ ಬರೆದಿಡಿ. ತಿಂಗಳ ಕೊನೆಗೆ ಆ ಅಂಕಿಗಳನ್ನು ಕೊಟ್ಟರೆ ಎಐ ಪಟ್ಟಿ ಮಾಡಿಕೊಡುತ್ತದೆ. ತೆರಿಗೆಯ ಪ್ರಶ್ನೆ ಬಂದರೆ ಮಾತ್ರ ಆಡಿಟರ್‌ನ್ನೇ ಕೇಳಿ.

ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಅನ್ನೋದು ನೆನಪಿರಲಿ. ‘ಅಡ್ವಾನ್ಸ್ ಕಳಿಸ್ತೀನಿ, ಪಿನ್ ಹಾಕಿ’ ಅಂದವರು ಗಿರಾಕಿಯಲ್ಲ, ಕಳ್ಳರು. ಮೋಸವಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೈಖರ್ಚು ಅಲ್ಲ, ಸಂಪಾದನೆ

1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಮಾಡಿ ಮಹಡಿ ಮೇಲೆ ಹಪ್ಪಳ ಒತ್ತಲು ಕೂತರು. ಅದೇ ಇವತ್ತಿನ ಲಿಜ್ಜತ್ ಪಾಪಡ್. ಅವರ ಮಾರ್ಗದರ್ಶಕ ಛಗನ್‌ಬಾಪಾ ಒತ್ತಿ ಹೇಳಿದ್ದು ಎರಡೇ ಮಾತು: ಗುಣಮಟ್ಟ ಬಿಡಬೇಡಿ, ಲೆಕ್ಕ ಸರಿಯಾಗಿ ಇಡಿ. ಅವತ್ತು ಎಐ ಇರಲಿಲ್ಲ, ಪುಸ್ತಕ-ಪೆನ್ನು ಇತ್ತು.

ಮನೆಯಲ್ಲಿ ಕೂತು ದುಡಿದದ್ದಕ್ಕೆ ‘ಅವಳ ಕೈಖರ್ಚಿಗೆ ಆಗುತ್ತೆ’, ‘ಟೈಂಪಾಸ್‌ಗೆ ಮಾಡ್ತಾಳೆ’ ಅಂತ ಮನೆಯವರೇ ಹೇಳೋದುಂಟು. ಹಾಗನ್ನಲು ಕಾರಣ, ಎಷ್ಟು ಬಂತು ಎಷ್ಟು ಹೋಯಿತು ಅಂತ ನಮಗೇ ಗೊತ್ತಿರುವುದಿಲ್ಲ. ಈ ತಿಂಗಳಿಂದ ಲೆಕ್ಕ ಶುರು ಮಾಡಿ. ನಿಮ್ಮ ಕೂಲಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಮೂರು ತಿಂಗಳಾದ ಮೇಲೆ ಆ ಹಾಳೆಯನ್ನು ಮನೆಯವರ ಮುಂದಿಟ್ಟು ನೋಡಿ, ಟೈಂಪಾಸ್ ಅನ್ನುವ ಮಾತು ಮತ್ತೆ ಬರುತ್ತಾ ಅಂತ!